ಸಾಲದಲ್ಲಿ ಹೆಸರಿಲ್ಲ, ಮನೆಯಲ್ಲಿ ಹಕ್ಕಿದೆಯಾ?

ರಜೆಗೆ ಶಿವಮೊಗ್ಗಕ್ಕೆ ಬಂದಾಗ ಜನ ನನ್ನನ್ನು ಜಾಸ್ತಿ ಕೇಳುವುದು ವೀಸಾ ಬಗ್ಗೆ ಅಲ್ಲ, ಮನೆ ಬಗ್ಗೆ. ಮಗಳು ಅಳಿಯ ಅಮೆರಿಕದಲ್ಲಿ ಮನೆ ತಗೊಳ್ತಿದ್ದಾರೆ, ಸಾಲ ಅಳಿಯನ ಹೆಸರಿಗೆ ಮಾತ್ರ ಆಗ್ತದಂತೆ, ಹಾಗಾದ್ರೆ ಮಗಳಿಗೆ ಏನೂ ಇಲ್ವಾ ಅಂತ ತೀರ್ಥಹಳ್ಳಿ, ಸಾಗರ, ಹೊಸನಗರದ ಅಪ್ಪ ಅಮ್ಮಂದಿರು ಕೇಳುತ್ತಾರೆ. ಹೊಸದಾಗಿ ಹೊರಟಿರುವ ನಮ್ಮ ಕಡೆಯ ಹುಡುಗಿಯರಿಗಾಗಿ ಉತ್ತರ ಬರೆದಿದ್ದೇನೆ. ಹೆಂಡತಿಯ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಮೇಲೆ ಹೋಗಿ ಮನೆಯಲ್ಲಿರುವ ಗಂಡಂದಿರೂ ಓದಬಹುದು, ಅವರೂ ಈಗ ಇದ್ದಾರೆ.

ನಮ್ಮೂರಲ್ಲಿ ತೋಟದ ಪಹಣಿ ತೆಗೆದರೆ ಮಾಲೀಕರ ಹೆಸರೂ ಸೊಸೈಟಿ ಸಾಲವೂ ಒಂದೇ ಹಾಳೆಯಲ್ಲಿ ಕಾಣುತ್ತವೆ. ಅಲ್ಲಿ ಹಾಗಲ್ಲ. ಸಾಲ ತೀರಿಸುತ್ತೇನೆ ಅಂತ ಬರೆದುಕೊಡುವುದು ನೋಟ್. ಅದಕ್ಕೆ ಮನೆಯನ್ನು ಅಡವಿಡುವುದು ಮಾರ್ಟ್‌ಗೇಜ್. ಮನೆ ಯಾರದ್ದು ಅಂತ ಹೇಳುವುದು ಡೀಡ್, ಅಂದರೆ ನಮ್ಮ ಕ್ರಯಪತ್ರ. ಎಚ್-4, ಅಂದರೆ ಎಚ್-1ಬಿಯವರ ಸಂಗಾತಿಗೆ ಸಿಗುವ ವೀಸಾ ಮೇಲೆ ಬಂದು ಸಂಬಳ ಇಲ್ಲದವರನ್ನು ಬ್ಯಾಂಕು ಸಾಮಾನ್ಯವಾಗಿ ನೋಟ್‌ನಿಂದ ಬಿಡುತ್ತದೆ. ಆದರೆ ಡೀಡ್‌ನಲ್ಲಿ ಹೆಸರು ಬರಲು ಸಂಬಳ ಬೇಡ, ಕ್ರೆಡಿಟ್ ಸ್ಕೋರೂ ಬೇಡ. ಹೆಸರು ಸೇರಿಸಿದರೆ ಮಾರ್ಟ್‌ಗೇಜ್ ಕಾಗದಕ್ಕೆ ನಿಮ್ಮ ಸಹಿಯನ್ನೂ ಕೇಳುತ್ತಾರೆ. ಹೆದರಬೇಡಿ. ನೋಟ್‌ಗೆ ಸಹಿ ಹಾಕದವರ ಮೇಲೆ ಸಾಲದ ಹೊಣೆ ಸಾಮಾನ್ಯವಾಗಿ ಬರುವುದಿಲ್ಲ. ಕಂತು ಕಟ್ಟದಿದ್ದರೆ ಮನೆ ಹೋಗುತ್ತದೆ, ಅದಂತೂ ಹೌದು.

ಡೀಡ್‌ನಲ್ಲೂ ಹೆಸರಿಲ್ಲದಿದ್ದರೆ? ಅದು ರಾಜ್ಯದ ಮೇಲೆ ಹೋಗುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್, ಅರಿಜೋನಾ ಸೇರಿ 9 ರಾಜ್ಯಗಳಲ್ಲಿ ಮದುವೆಯಾದ ಮೇಲೆ ದುಡಿದ ದುಡ್ಡಿನಲ್ಲಿ ಕೊಂಡ ಮನೆ ಇಬ್ಬರದ್ದು ಅಂತಲೇ ಕಾನೂನು ಮೊದಲು ನೋಡುತ್ತದೆ, ಕಾಗದದಲ್ಲಿ ಯಾರ ಹೆಸರೇ ಇರಲಿ. ಟೆಕ್ಸಾಸ್‌ನಲ್ಲಿ ವಾಸದ ಮನೆ ಮಾರಲು ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಉಳಿದ ಹೆಚ್ಚಿನ ರಾಜ್ಯಗಳಲ್ಲಿ ವಿಚ್ಛೇದನದ ಹೊತ್ತಿಗೆ ಕೋರ್ಟು ನ್ಯಾಯವೆನಿಸುವಂತೆ ಪಾಲು ಮಾಡುತ್ತದೆ. ಅದು ಸರಿ ಅರ್ಧ ಆಗಬೇಕೆಂದಿಲ್ಲ. ಮನೆ ನೋಡಿಕೊಂಡದ್ದು, ಮಕ್ಕಳನ್ನು ಬೆಳೆಸಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ಕ್ಲೋಸಿಂಗ್ ದಿನ, ಅಂದರೆ ಸಹಿ ಹಾಕಿ ಮನೆ ಖರೀದಿ ಮುಗಿಸುವ ದಿನ, ಟೇಬಲ್ ಮೇಲೆ ಒಂದು ಕಟ್ಟು ಕಾಗದ ಇಡುತ್ತಾರೆ. ಅದರೊಳಗೆ ಕ್ವಿಟ್‌ಕ್ಲೇಮ್ ಡೀಡ್ ಇರಬಹುದು. ಕ್ಯಾಲಿಫೋರ್ನಿಯಾದಲ್ಲಾದರೆ ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್. "ಸಾಲದಲ್ಲಿ ನೀವಿಲ್ಲ ಅಲ್ವಾ, ಸುಮ್ನೆ ಒಂದು ಸಹಿ" ಅನ್ನುತ್ತಾರೆ. ಸುಮ್ನೆ ಅಲ್ಲ. "ಈ ಮನೆಯಲ್ಲಿ ನನಗೆ ಹಕ್ಕಿಲ್ಲ, ಅದು ನನ್ನ ಗಂಡನ ಸ್ವಂತದ್ದು" ಅಂತ ನೀವೇ ಬರೆದುಕೊಟ್ಟ ಹಾಗೆ. ಮೇಲೆ ಹೇಳಿದ ಇಬ್ಬರದ್ದೆಂಬ ನಿಯಮವೂ ಈ ಒಂದು ಸಹಿಯಿಂದ ಹೋಗಬಹುದು. ಗಂಡನ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಬ್ಯಾಂಕು ಹೇಳಿತು, ಸಹಿ ಹಾಕಿಸಿದರು, ಅಷ್ಟೇ. ಹಾಗಾಗಿ ಕಾಗದಗಳನ್ನು ಕೆಲವು ದಿನ ಮೊದಲೇ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಅಂಥದ್ದು ಕಂಡರೆ ನಿಮ್ಮದೇ ವಕೀಲರಿಗೆ ತೋರಿಸಿ. ಸಾಲ ಕೊಡಿಸುವ ಏಜೆಂಟು ನಿಮ್ಮ ವಕೀಲನಲ್ಲ. "ಅಷ್ಟು ನಂಬಿಕೆ ಇಲ್ವಾ" ಅಂತ ಅತ್ತೆ ಮನೆ ಕಡೆಯವರು ಕೇಳಿದರೆ ನಾನಂತೂ ನಕ್ಕು ಬಿಡುತ್ತೇನೆ. ತೋಟದ ಬೇಲಿ ಅರ್ಧ ಅಡಿ ಸರಿದರೆ ಸರ್ವೆಯವರನ್ನು ಕರೆಸುವ ಜನ ನಾವು.

ಡೀಡ್‌ನಲ್ಲಿ ಇಬ್ಬರ ಹೆಸರು ಇದ್ದರೂ ಹೆಸರಿನ ಮುಂದೆ ಏನು ಬರೆದಿದೆ ಅಂತ ಓದಿ. ಜಾಯಿಂಟ್ ಟೆನೆನ್ಸಿ ಅಂತಿದ್ದರೆ, ಅಥವಾ ನ್ಯೂಜೆರ್ಸಿಯಂಥ ಕಡೆ ದಂಪತಿಗೆ ಸಿಗುವ ಟೆನೆನ್ಸಿ ಬೈ ದ ಎಂಟೈರಿಟಿ ಆದರೆ, ಒಬ್ಬರು ತೀರಿಕೊಂಡಾಗ ಮನೆ ನೇರವಾಗಿ ಇನ್ನೊಬ್ಬರಿಗೆ ಬರುತ್ತದೆ. ಟೆನೆಂಟ್ಸ್ ಇನ್ ಕಾಮನ್ ಅಂತಿದ್ದರೆ ಅವರ ಪಾಲು ವಿಲ್ ಪ್ರಕಾರ ಅಥವಾ ವಾರಸುದಾರರಿಗೆ ಹೋಗುತ್ತದೆ.

ಅಪ್ಪ ಸೈಟು ಮಾರಿ, ಅಡಿಕೆ ದುಡ್ಡು ಸೇರಿಸಿ ಡೌನ್ ಪೇಮೆಂಟಿಗೆ ಕಳಿಸುವುದುಂಟು. ಭಾರತದಲ್ಲಿರುವ ಒಬ್ಬರು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಅಲ್ಲಿ ಸಾಲ ಕೊಡುವ ಬ್ಯಾಂಕು ಗಿಫ್ಟ್ ಲೆಟರ್ ಕೇಳುತ್ತದೆ, ದುಡ್ಡು ವಾಪಸ್ ಕೊಡಬೇಕಿಲ್ಲ ಅಂತ. ಆ ಪತ್ರದಲ್ಲಿ ಉಡುಗೊರೆ ಯಾರಿಗೆ ಅಂತ ಸರಿಯಾಗಿ ಬರೆಸಿ. ಮಗಳಿಗೆ ಕೊಟ್ಟದ್ದಾದರೆ ಮಗಳ ಹೆಸರೇ ಇರಲಿ, ದುಡ್ಡು ಅವಳ ಖಾತೆಗೇ ಹೋಗಲಿ, ವೈರ್ ರಸೀದಿ ಎತ್ತಿಟ್ಟುಕೊಳ್ಳಿ. ಸಂಬಳದ ದುಡ್ಡಿನ ಜೊತೆ ಬೆರೆತರೆ ಆಮೇಲೆ ಬೇರೆ ಮಾಡಿ ತೋರಿಸುವುದು ಕಷ್ಟ.

ಇಂಗ್ಲೆಂಡ್‌ಗೆ ಹೋಗುವವರಿಗೆ ಬೇರೆ ದಾರಿಯಿದೆ. 1996ರ ಫ್ಯಾಮಿಲಿ ಲಾ ಆಕ್ಟ್ ಪ್ರಕಾರ ಸಂಗಾತಿಯ ಹೆಸರಿನ ಮನೆಯಲ್ಲಿ ವಾಸಿಸುವ ಹಕ್ಕನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಎಚ್ಆರ್1 ಫಾರಂ ಹಾಕಿ ದಾಖಲಿಸಬಹುದು. ಅದು ವಾಸದ ಹಕ್ಕು, ಮಾಲೀಕತ್ವ ಅಲ್ಲ.

ಅಮೆರಿಕದಲ್ಲಿ ಮನೆ ಆಗಲೇ ಒಬ್ಬರ ಹೆಸರಲ್ಲಿದ್ದರೆ ಹೊಸ ಡೀಡ್ ಮಾಡಿಸಿ ಸೇರಿಸಬಹುದು. ಹೆಸರು ಸೇರಿಸಿದರೆ ಬ್ಯಾಂಕು ಪೂರ್ತಿ ಸಾಲ ಒಂದೇ ಸಲ ಕೇಳುತ್ತದೆ ಅಂತ ಕೆಲವರು ಹೆದರಿಸುತ್ತಾರೆ. 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯಿದೆ ವಾಸದ ಮನೆಗೆ ಸಂಗಾತಿಯನ್ನು ಸೇರಿಸುವಾಗ ಹಾಗೆ ಕೇಳದಂತೆ ತಡೆದಿದೆ. ಟೈಟಲ್ ಇನ್ಶೂರೆನ್ಸ್ (ಮನೆಯ ಹಕ್ಕಿನ ಬಗ್ಗೆ ತಕರಾರು ಬಂದರೆ ಇರುವ ವಿಮೆ) ಮುಂದುವರಿಯುತ್ತದಾ ಅಂತ ಮಾತ್ರ ಮೊದಲೇ ವಿಚಾರಿಸಿ. ರೀಫೈನಾನ್ಸ್, ಅಂದರೆ ಹಳೇ ಸಾಲ ತೀರಿಸಿ ಹೊಸ ಸಾಲ ಮಾಡುವ ಹೊತ್ತಿಗೆ ಹೆಸರು ತೆಗೆಯುವ ಕಾಗದ ಮತ್ತೆ ಬರಬಹುದು. ಅದು ಮುಗಿದ ಮೇಲೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ದಾಖಲೆಯಲ್ಲಿ ಡೀಡ್ ತೆಗೆದು ನಿಮ್ಮ ಹೆಸರು ಇದೆಯಾ ನೋಡಿಕೊಳ್ಳಿ. ಅದು ಸಾರ್ವಜನಿಕ ದಾಖಲೆ, ಗಂಡನನ್ನಾಗಲಿ ಬ್ಯಾಂಕನ್ನಾಗಲಿ ಕೇಳಬೇಕಿಲ್ಲ.