ಗಡಿ ಊರಿನ ಚರಿತ್ರೆ ಬರೆಯಲು ಹೊರಟವರಿಗೆ

ನಾನು ನಿಪ್ಪಾಣಿ ಕಡೆ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಈಗಲೂ ಹುಡುಗರು ತಮ್ಮೂರಿನ ಚರಿತ್ರೆ ಬರೆದು ತೋರಿಸಲು ತರುತ್ತಾರೆ. ಎಲ್ಲರದ್ದೂ 1956ರ ನವೆಂಬರ್ 1ಕ್ಕೆ ಶುರುವಾಗಿ ಕರ್ನಾಟಕ-ಮಹಾರಾಷ್ಟ್ರ ಗಡಿ ಜಗಳದ ಮಹಾಜನ ವರದಿಗೆ ಮುಗಿಯುತ್ತದೆ. ನಡುವೆ ಊರೇ ಇರುವುದಿಲ್ಲ! ಅದಕ್ಕೇ ಅವರಿಗೆ ಮೊದಲು ಐರ್ಲೆಂಡಿನ ಪೆಟಿಗೋ ಎಂಬ ಹಳ್ಳಿಯ ಬಗ್ಗೆ ಓದಲು ಹೇಳುತ್ತೇನೆ. ಅಲ್ಲಿ ನಮ್ಮ ಜಗಳ ಇಲ್ಲ, ತಲೆ ತಣ್ಣಗಿರುತ್ತದೆ.

ಮೊದಲು ಕೈಯಾರೆ ನಕ್ಷೆ ಬಿಡಿಸಿ. ಪೆಟಿಗೋದ ನಡುವೆ ಟರ್ಮನ್ ಹೊಳೆ ಹರಿಯುತ್ತದೆ. ಒಂದು ದಂಡೆ ಡೊನೆಗಾಲ್ ಜಿಲ್ಲೆ, ಅಂದರೆ ಐರ್ಲೆಂಡ್ ಗಣರಾಜ್ಯ. ಇನ್ನೊಂದು ದಂಡೆ ಫರ್ಮಾನಾ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. ಆ ದಂಡೆಗೆ ಟಲ್ಲಿಹಾಮನ್ ಎಂಬ ಬೇರೆ ಹೆಸರೇ ಇದೆ. ತಮಾಷೆ ನೋಡಿ, ಜನ 'ದಕ್ಷಿಣ' ಎನ್ನುವ ಡೊನೆಗಾಲ್ ಇಡೀ ದ್ವೀಪದ ಉತ್ತರ ತುದಿಯವರೆಗೂ ಚಾಚಿದೆ.

ಆಮೇಲೆ ಗೆರೆ ಎಲ್ಲಿಂದ ಬಂತು ಎಂದು ಕೇಳಿ. 1921ರಲ್ಲಿ ಐರ್ಲೆಂಡ್ ಎರಡಾದಾಗ ಅಲ್ಲಿ ಯಾರೂ ಹೊಸ ಗೆರೆ ಎಳೆಯಲಿಲ್ಲ, ಹಳೆಯ ಜಿಲ್ಲಾ ಹದ್ದನ್ನೇ ಗಡಿ ಮಾಡಿದರು. ಮರುವರ್ಷ ಜೂನ್‌ನಲ್ಲಿ ಬ್ರಿಟಿಷ್ ಸೈನ್ಯ ಪೆಟಿಗೋ ಮೇಲೆ ಫಿರಂಗಿ ಹಾರಿಸಿತು. ಗಡಿ ಆಯೋಗವೂ ಕೂತಿತ್ತು. ಅದರ ವರದಿಯನ್ನು 1925ರಲ್ಲಿ ಮುಚ್ಚಿಟ್ಟರು, ಅಚ್ಚಾಗಿದ್ದು 1969ಕ್ಕೆ. ಗೆರೆ ಇದ್ದಲ್ಲೇ ಉಳಿಯಿತು. ನಮ್ಮಲ್ಲೂ ಮಹಾಜನ ಆಯೋಗ 264 ಊರು ಆಚೆಗೆ, 247 ಊರು ಈಚೆಗೆ ಎಂದಿತ್ತು, ಅಲ್ವಾ? ಒಂದೂ ಕದಲಲಿಲ್ಲ. ಹಾಗಾಗಿ ವರದಿಗೆ ಒಂದು ಪ್ಯಾರಾ ಸಾಕು.

ಜಾಸ್ತಿ ಹೊತ್ತು ಸಂತೆಯಲ್ಲಿ ಕಳೆಯಿರಿ. ಗಡಿಯಲ್ಲಿ ಬದುಕು ನಡೆಯುವುದು ದರದ ವ್ಯತ್ಯಾಸದ ಮೇಲೆ. 1923ರ ಏಪ್ರಿಲ್ 1ರಿಂದ ಐರಿಷ್ ಗಡಿಯಲ್ಲಿ ಸುಂಕದ ಕಟ್ಟೆಗಳು ಬಂದವು, ಕಳ್ಳಸಾಗಣೆಯೂ ಬೆಳೆಯಿತು. ಎರಡನೇ ಮಹಾಯುದ್ಧದಲ್ಲಿ ದಕ್ಷಿಣದವರಿಗೆ ಚಹಾಪುಡಿ ತಲೆಗೆ ವಾರಕ್ಕೆ ಅರ್ಧ ಔನ್ಸಿಗೆ ಇಳಿದಿತ್ತು, ಅಂದರೆ ಬರೀ 14 ಗ್ರಾಂ. ನಮ್ಮ ಮನೆಗೆ ಅದು ಒಂದು ಬೆಳಗಿಗೂ ಸಾಲದು! ಉತ್ತರದವರಿಗೆ ಬೆಣ್ಣೆಯ ತತ್ವಾರ. ಚಹಾ ದಕ್ಷಿಣಕ್ಕೆ ಬಂತು, ಬೆಣ್ಣೆ ಉತ್ತರಕ್ಕೆ ಹೋಯಿತು. ಸುಂಕದ ತಪಾಸಣೆ ನಿಂತದ್ದು 1993ರಲ್ಲಿ. ನಿಮ್ಮೂರಲ್ಲಿ ಏನು ದಾಟುತ್ತಿತ್ತು? ನಮ್ಮ ಗಡಿಯ ಕೊಗನೊಳ್ಳಿ ಹತ್ತಿರ ಲಾರಿಯವರು ಡೀಸೆಲ್ ಎಲ್ಲಿ ತುಂಬಿಸುತ್ತಾರೆ, ಯಾಕೆ? ಗಂಡಸರು ಇದಕ್ಕೆ ಭಾಷಣ ಮಾಡುತ್ತಾರೆ. ಆಚೆಯಿಂದ ಸೊಸೆಯಾಗಿ ಬಂದ ಅಜ್ಜಿಯರನ್ನು ಕೇಳಿ, ದರ ಸಮೇತ ಹೇಳುತ್ತಾರೆ.

ಜಾತ್ರೆಯ ದಾರಿಯನ್ನೂ ಬರೆಯಿರಿ. ಪೆಟಿಗೋ ಹತ್ತಿರದ ಲೌಗ್ ಡರ್ಗ್ ಸರೋವರದ ದ್ವೀಪಕ್ಕೆ ಜನ ಮೂರು ದಿನದ ಹರಕೆಗೆ ಬರುತ್ತಾರೆ. ಬರಿಗಾಲು, ಹಾಲಿಲ್ಲದ ಚಹಾ, ಒಣ ರೊಟ್ಟಿ. 1957ರಲ್ಲಿ ರೈಲು ನಿಲ್ಲುವವರೆಗೆ ಪೆಟಿಗೋ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದರು. ಕೊಲ್ಹಾಪುರದಿಂದ ಸವದತ್ತಿ ಎಲ್ಲಮ್ಮನಿಗೆ ಬರುವವರು ಯಾವ ಊರಲ್ಲಿ ತಂಗುತ್ತಿದ್ದರು ಎಂದು ಪತ್ತೆ ಮಾಡಿ.

ಕೊನೆಗೆ ಕಾಗದ. ಹಳೆಯ ಉತಾರ, ಅಂದರೆ ಜಮೀನಿನ ದಾಖಲೆ, ತೆಗೆಸಿ. ಊರು ಯಾವ ಸಂಸ್ಥಾನದಲ್ಲಿತ್ತು ನೋಡಿ. ರಾಯಬಾಗ ಸ್ವಾತಂತ್ರ್ಯದವರೆಗೂ ಕೊಲ್ಹಾಪುರದ್ದೇ. ದಾಖಲೆ ಮೋಡಿಯಲ್ಲಿದ್ದರೆ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿದ್ದರೆ, ಊಹಿಸಿ ಓದಬೇಡಿ. ಮೋಡಿ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ, ಓದು ತಾಳೆಯಾದರೆ ಮಾತ್ರ ಬರೆದುಕೊಳ್ಳಿ.