ಸ್ಯಾಕ್ ಲೆಕ್ಕದ ಆಚೆಗೆ: ಈಗಲ್ಸ್‌ನ ಆಫೆನ್ಸಿವ್ ಲೈನ್ ಅನ್ನು ನಾನು ಅಳೆದ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಫೆನ್ಸಿವ್ ಲೈನ್‌ನ ಐವರು, ಅಂದರೆ ನಡುವಿನ ಸೆಂಟರ್, ಅವನ ಎರಡು ಬದಿಯ ಗಾರ್ಡ್‌ಗಳು ಮತ್ತು ತುದಿಗಳ ಟ್ಯಾಕಲ್‌ಗಳು, ಎದುರಾಳಿಗಳನ್ನು ತಡೆಯುವವರೇ ಹೊರತು ಚೆಂಡು ಹಿಡಿದು ಓಡುವವರಲ್ಲ. ಆದ್ದರಿಂದ ಅಂಕಿಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಬರೆಯಲು ಹೆಚ್ಚೇನೂ ಇರುವುದಿಲ್ಲ. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಎಸೆಯುವ ಮೊದಲೇ ಎಷ್ಟು ಸಲ ನೆಲಕ್ಕುರುಳಿದ ಎಂಬ ಸ್ಯಾಕ್ ಸಂಖ್ಯೆಯಿಂದಲೇ ಬಹಳ ಮಂದಿ ಲೈನ್‌ನ ಯೋಗ್ಯತೆಯನ್ನು ತೀರ್ಮಾನಿಸುತ್ತಾರೆ. ಫಿಲಡೆಲ್ಫಿಯಾ ಈಗಲ್ಸ್ ತಂಡದ 2024ರ ಋತುವನ್ನು ಪಂದ್ಯವಾರು ಪರಿಶೀಲಿಸಿ ಟಿಪ್ಪಣಿ ಮಾಡಿಟ್ಟ ನಾನು ಆ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ.

ಕಾರಣಕ್ಕೆ 2021ರ ಫೆಬ್ರುವರಿಯ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಒಂದೇ ಸಾಕು. ಕಾನ್ಸಾಸ್ ಸಿಟಿ ಚೀಫ್ಸ್‌ನ ಇಬ್ಬರು ಮೊದಲ ಆಯ್ಕೆಯ ಟ್ಯಾಕಲ್‌ಗಳೂ ಗಾಯಗೊಂಡು ಹೊರಗಿದ್ದರು. ಅದರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅಂದು ಸ್ಯಾಕ್ ಆದದ್ದು 3 ಸಲ ಮಾತ್ರ. ಆದರೆ ಎಸೆಯಲು ಹಿಂದೆ ಸರಿದ ಸಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಎದುರಾಳಿಗಳು ಅವನ ಮೈಮೇಲೆ ಬಂದಿದ್ದರು, ತಂಡ 31-9ರಿಂದ ಸೋತಿತು. ಈಗಲ್ಸ್‌ನಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅದರ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಚೆಂಡನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಳ್ಳುವ ಆಟಗಾರ, ಮತ್ತು ನಾಲ್ಕನೆಯ ಸೆಕೆಂಡಿನಲ್ಲಾದ ಸ್ಯಾಕ್ ಅನ್ನು ಅಲ್ಲಿಯವರೆಗೆ ತಡೆದು ನಿಂತ ಟ್ಯಾಕಲ್‌ನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ನಾನು ನೋಡುವುದು ಟಿವಿ ಪ್ರಸಾರವನ್ನಲ್ಲ, 22 ಆಟಗಾರರೂ ಕಾಣುವ ತರಬೇತುದಾರರ ಚಿತ್ರಿಕೆಯನ್ನು. ಅದರಲ್ಲೂ ಮೈದಾನದ ತುದಿಯ ಎಂಡ್ ಜೋನ್ ಹಿಂದಿನ ಎತ್ತರದ ಕ್ಯಾಮೆರಾವನ್ನು, ಏಕೆಂದರೆ ಇಬ್ಬರು ಲೈನ್‌ಮನ್‌ಗಳ ನಡುವಿನ ಅಂತರ ಅಲ್ಲಿಂದ ಮಾತ್ರ ಸ್ಪಷ್ಟವಾಗಿ ತಿಳಿಯುತ್ತದೆ. ಪ್ರತಿ ಸ್ನ್ಯಾಪ್ ಅನ್ನು, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟಾಗ ಶುರುವಾಗುವ ಒಂದೊಂದು ಆಟವನ್ನು, ಮೊದಲು ಇಡಿಯಾಗಿ, ಬಳಿಕ ಒಬ್ಬೊಬ್ಬನನ್ನೇ ಹಿಡಿದು ನೋಡುತ್ತೇನೆ. ಇಎಸ್‌ಪಿಎನ್‌ನ ಪಾಸ್ ಬ್ಲಾಕ್ ಅಳತೆ 2.5 ಸೆಕೆಂಡು ತಡೆದವನನ್ನು ಗೆದ್ದವನೆಂದು ಎಣಿಸುತ್ತದೆ. ನಾನೂ ಅದೇ ಗಡಿಯನ್ನು ಬಳಸುತ್ತೇನೆ, ಆದರೆ ಯಾರನ್ನು ತಡೆಯುವುದು ಯಾರ ಹೊಣೆಯಾಗಿತ್ತು ಎಂದು ಊಹಿಸಿದ ಮೇಲೆ.

ಕಷ್ಟವಿರುವುದು ಈ ಊಹೆಯಲ್ಲೇ. ಎದುರಾಳಿಗಳು ಜಾಗ ಬದಲಿಸಿ ನುಗ್ಗುವ ಟ್ವಿಸ್ಟ್ ಒಂದನ್ನು ತೆಗೆದುಕೊಳ್ಳೋಣ: ಹೊರಬದಿಯ ಎದುರಾಳಿ ಒಳಕ್ಕೆ ನುಗ್ಗಿ ಗಾರ್ಡ್‌ಗೆ ಅಪ್ಪಳಿಸುತ್ತಾನೆ, ಒಳಬದಿಯವನು ಅವನ ಬೆನ್ನ ಹಿಂದಿನಿಂದ ಸುತ್ತಿ ಹೊರಗೆ ಬರುತ್ತಾನೆ. ಟ್ಯಾಕಲ್ ಮೊದಲನೆಯವನನ್ನು ಗಾರ್ಡ್‌ಗೆ ಒಪ್ಪಿಸಿ ತನ್ನ ಜಾಗದಲ್ಲೇ ಕಾಯಬೇಕು. ಬೆನ್ನಟ್ಟಿ ಒಳಗೆ ಹೋದರೆ ಹೊರದಾರಿ ಬಯಲಾಗುತ್ತದೆ. ಆದರೆ ಗಾರ್ಡ್ ಇನ್ನೂ ತನ್ನ ಹಳೆಯ ಎದುರಾಳಿಗೇ ಅಂಟಿಕೊಂಡಿದ್ದರೆ ಟ್ಯಾಕಲ್‌ಗೆ ಬೇರೆ ದಾರಿಯೇ ಇರುವುದಿಲ್ಲ. ಹಾಗಾಗಿ ಗಾರ್ಡ್‌ನ ಕಣ್ಣು ಮತ್ತು ಕೈ ಯಾವ ಕ್ಷಣದಲ್ಲಿ ಹೊರಳಿದವು ಎಂಬುದನ್ನು ನೋಡದೆ ನಾನು ತಪ್ಪನ್ನು ಯಾರ ಹೆಸರಿಗೂ ಬರೆಯುವುದಿಲ್ಲ.

ಓಟದ ಆಟದಲ್ಲಿ ಈಗಲ್ಸ್‌ನ ಸಾಕ್ವಾನ್ ಬಾರ್ಕ್ಲಿ ಆ ಋತುವಿನಲ್ಲಿ 2,005 ಗಜ ಓಡಿದ. ಅದರಲ್ಲಿ ಲೈನ್‌ನ ಪಾಲೆಷ್ಟು ಎಂದು ತಿಳಿಯಲು, ಎದುರಾಳಿಯ ಮೊದಲ ಸ್ಪರ್ಶಕ್ಕೆ ಮುನ್ನ ದೊರೆತ ಗಜಗಳನ್ನು ಬೇರೆಯಾಗಿ ಬರೆದುಕೊಂಡೆ. ಅದೂ ಪೂರ್ತಿ ಲೈನ್‌ನದಲ್ಲ. ಹರ್ಟ್ಸ್ ತಾನೇ ಚೆಂಡು ಹಿಡಿದು ಓಡಬಹುದೆಂಬ ಭಯಕ್ಕೆ ಒಬ್ಬ ರಕ್ಷಕ ಕದಲದೆ ನಿಲ್ಲುತ್ತಾನೆ, ಅವನನ್ನು ಯಾರೂ ತಡೆಯಬೇಕಾಗಿಲ್ಲ. ಅಂಥ ಆಟಗಳನ್ನು ಪ್ರತ್ಯೇಕಿಸಿದ ಮೇಲೂ ಉಳಿದವುಗಳಲ್ಲಿ, ಇಬ್ಬರು ಸೇರಿ ಒಬ್ಬನನ್ನು ಹಿಂದೊತ್ತಿ, ಅವರಲ್ಲೊಬ್ಬ ಸರಿಯಾದ ಹೊತ್ತಿಗೆ ಕಳಚಿಕೊಂಡು ಹಿಂದಿನ ಸಾಲಿನ ರಕ್ಷಕನಾದ ಲೈನ್‌ಬ್ಯಾಕರ್‌ನತ್ತ ಸಾಗುವ ಕೆಲಸ ನನಗೆ ಅಪಾರ ಗೌರವ ಹುಟ್ಟಿಸಿತು. 2013ರಿಂದ ಲೈನ್ ಅನ್ನು ತಿದ್ದುತ್ತ ಬಂದ ತರಬೇತುದಾರ ಜೆಫ್ ಸ್ಟೌಟ್‌ಲ್ಯಾಂಡ್ ಅವರ ಪಾಲು ಅದರಲ್ಲಿ ದೊಡ್ಡದೆಂದು ನಾನು ನಂಬಿದ್ದೇನೆ. 2018ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆಯಲ್ಲಿ, ಏಳನೆಯ ಸುತ್ತಿನಲ್ಲಿ ಆಯ್ಕೆಯಾದಾಗ ಈ ಲೈನ್‌ನ ಎಡ ಟ್ಯಾಕಲ್, ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟಾ ಈ ಆಟವನ್ನು ಒಮ್ಮೆಯೂ ಆಡಿರಲಿಲ್ಲ!

ಹೆಚ್ಚು ಎಚ್ಚರ ಬೇಕಾದದ್ದು ಮೆಕೈ ಬೆಕ್ಟನ್ ವಿಷಯದಲ್ಲಿ. ನ್ಯೂಯಾರ್ಕ್ ಜೆಟ್ಸ್ ತಂಡದಲ್ಲಿ ಟ್ಯಾಕಲ್ ಆಗಿದ್ದವನು ಇಲ್ಲಿ ಬಲ ಗಾರ್ಡ್ ಆದ. ಒಂದು ಕಡೆ ಅನುಭವಿ ಬಲ ಟ್ಯಾಕಲ್ ಲೇನ್ ಜಾನ್ಸನ್, ಇನ್ನೊಂದು ಕಡೆ ಸೆಂಟರ್ ಕ್ಯಾಮ್ ಜರ್ಗನ್ಸ್. ನೆರವಿದ್ದಾಗ ತಡೆದದ್ದನ್ನೂ ಒಂಟಿಯಾಗಿ ತಡೆದದ್ದನ್ನೂ ಬೇರೆಬೇರೆ ಕಾಲಂಗಳಲ್ಲಿ ಇಟ್ಟೆ. 2025ರಲ್ಲಿ ಅವನು ಚಾರ್ಜರ್ಸ್ ತಂಡ ಸೇರಿದಾಗ, ಒಂಟಿಯಾಗಿ ತಡೆದವುಗಳ ಕಾಲಂ ಒಂದನ್ನು ಮಾತ್ರ ಅವನ ಹೊಸ ಹಾಳೆಗೆ ನಕಲಿಸಿಕೊಂಡೆ.