ಅರ್ಧ ಚಾನೆಲ್ ಮಾತ್ರ ನೀರಿಗೆ ಒಲಿಯಬೇಕು

ನಮಗೆ ಬೇಕಿದ್ದದ್ದು ಡಬಲ್ ಎಮಲ್ಷನ್: ಎಣ್ಣೆ ಹನಿಯೊಳಗೊಂದು ನೀರಿನ ಹನಿ, ಹೊರಗೆ ಮತ್ತೆ ನೀರು. ಕೂದಲೆಳೆಯಂಥ ಚಾನೆಲ್‌ಗಳಲ್ಲಿ ದ್ರವ ಹರಿಸುವ ಒಂದೇ ಚಿಪ್‌ನಲ್ಲಿ ಇದಾಗಬೇಕಾದರೆ ಮೊದಲ ಜಂಕ್ಷನ್ನಿನ (ಹರಿವುಗಳು ಸೇರಿ ಹನಿಯಾಗುವ ಜಾಗ) ಗೋಡೆಗೆ ಎಣ್ಣೆ ಹತ್ತಬೇಕು, ಎರಡನೆಯದಕ್ಕೆ ನೀರು. ಚಿಪ್ ಮಾಡುವ ಸಿಲಿಕೋನ್ ರಬ್ಬರ್ ಪಿಡಿಎಂಎಸ್ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ, ಸ್ಪರ್ಶಕೋನ (ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ) ಸುಮಾರು 110 ಡಿಗ್ರಿ. ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲ) ಕೊಟ್ಟರೆ ಇಡೀ ಚಾನೆಲ್ ನೀರಿಗೆ ಒಲಿಯುತ್ತದೆ, ಕ್ರಮೇಣ ಹಳೇ ಗುಣಕ್ಕೆ ಮರಳುತ್ತದೆ. ಅದಕ್ಕೇ ಬೇಕಾದ ಕಡೆ ಮಾತ್ರ ನೀರಿಗೆ ಒಲಿಯುವ ಪಾಲಿಮರನ್ನು ಗೋಡೆಗೆ ಬೆಳಕಿನಿಂದ ಕಸಿ ಮಾಡುವ ದಾರಿ ಹಿಡಿದೆ.

ಪ್ಲಾಸ್ಮಾ ಕೊಟ್ಟು ಗಾಜಿಗೆ ಅಂಟಿಸಿದ ಚಿಪ್ಪನ್ನು ರಾತ್ರಿಯಿಡೀ 80 ಡಿಗ್ರಿ ಓವನ್‌ನಲ್ಲಿಟ್ಟರೆ ಪ್ಲಾಸ್ಮಾದ ಪ್ರಭಾವ ಬೇಗ ಇಳಿಯುತ್ತದೆ. ಆಮೇಲೆ ಅಸಿಟೋನ್‌ನಲ್ಲಿ ಕರಗಿಸಿದ, ಬೆಳಕಿಗೆ ಚುರುಕಾಗುವ ಬೆಂಜೋಫಿನೋನ್ ಒಂದು ನಿಮಿಷ ಹರಿಸಿ, ಹೊರಹಾಕಿ, ಅಕ್ರಿಲಿಕ್ ಆಮ್ಲದ ದ್ರಾವಣ ತುಂಬುತ್ತೇನೆ. ವಾಸನೆ ಮೂಗಿಗೇ ಹೊಡೆಯುತ್ತದೆ, ಫ್ಯೂಮ್ ಹುಡ್ ಬಿಟ್ಟು ಹೊರಗೆ ತರಬೇಡಿ. ಯುವಿ (ನೇರಳಾತೀತ ಬೆಳಕು) ಬಿದ್ದ ಕಡೆ ಬೆಂಜೋಫಿನೋನ್ ಗೋಡೆಯ ಮೀಥೈಲ್ ಗುಂಪಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅಲ್ಲಿಂದ ಪಾಲಿಅಕ್ರಿಲಿಕ್ ಆಮ್ಲದ ಸರಪಳಿ ಬೆಳೆಯುತ್ತದೆ.

ಬೇಡದ ಕಡೆ ಬೆಳಕನ್ನು ತಡೆಯುವ ಮಾಸ್ಕ್ ಫಿಲ್ಮನ್ನು ಪೀಣ್ಯದ ಕಡೆ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡುವವರಲ್ಲಿ ಹೊಡೆಸಿದ್ದು. "ಮೇಡಂ, ಇದ್ರಲ್ಲಿ ಸರ್ಕ್ಯೂಟೇ ಇಲ್ವಲ್ಲ, ಬರೀ ಕಪ್ಪು ಪಟ್ಟಿ!" ಅಂದರು. ಆ ಪಟ್ಟಿಯೇ ನಮ್ಮ ಬಂಡವಾಳ. ಪಾಲಿಯೆಸ್ಟರ್ ಫಿಲ್ಮು 254 ನ್ಯಾನೋಮೀಟರ್ ಬೆಳಕನ್ನು ತಡೆಯುವುದರಿಂದ 365ರ ದೀಪವೇ ಆಗಬೇಕು. ಇನ್ನೊಂದು ವಿಷಯ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಮಾಸ್ಕಿಗೂ ಚಾನೆಲ್ಲಿಗೂ ನಡುವಿನ ಗಾಜು ಒಂದು ಮಿಲಿಮೀಟರ್ ಸ್ಲೈಡ್ ಆದರೆ ಬೆಳಕು ಓರೆಯಾಗಿ ನುಗ್ಗಿ ಗಡಿ ಹರಡುತ್ತದೆ. ಹಾಗಾಗಿ 0.15 ಮಿಲಿಮೀಟರ್ ಕವರ್‌ಸ್ಲಿಪ್‌ಗೆ ಅಂಟಿಸುತ್ತೇನೆ. ಒಡೆಯದಂತೆ ಹಿಡಿಯುವುದೇ ಒಂದು ಕಸರತ್ತು.

ಆಕ್ಸಿಜನ್ ಇದ್ದರೆ ಕಸಿ ಬೆಳೆಯುವುದು ನಿಂತುಹೋಗುತ್ತದೆ. ದ್ರಾವಣಕ್ಕೆ ನೈಟ್ರೋಜನ್ ಬಿಟ್ಟರೆ ಸಾಲದು, ಪಿಡಿಎಂಎಸ್ ಮೂಲಕ ಗಾಳಿ ಸಲೀಸಾಗಿ ಒಳಬರುತ್ತದೆ. ಚಿಪ್ಪನ್ನೇ ನೈಟ್ರೋಜನ್ ತುಂಬಿದ ಪಾರದರ್ಶಕ ಚೀಲದಲ್ಲಿಟ್ಟು ದೀಪದಡಿ ಇಡಬೇಕು.

ಕೊನೆಗೆ ಟೊಲುಯಿಡಿನ್ ಬ್ಲೂ ಬಣ್ಣ ಹರಿಸಿ, ಚೆನ್ನಾಗಿ ತೊಳೆದು ನೋಡುತ್ತೇನೆ. ಕಾರ್ಬಾಕ್ಸಿಲ್ (ಕಸಿಯಾದ ಆಮ್ಲದ ಗುಂಪು) ಇರುವಲ್ಲಿ ಮಾತ್ರ ನೀಲಿ ಉಳಿಯುತ್ತದೆ. ಗಡಿ ಒಂದಿಷ್ಟು ಮಸುಕಾಗಿಯೇ ಇರುತ್ತದೆ, ಬೆಂಜೋಫಿನೋನ್ ಪಾಲಿಮರಿನೊಳಗೂ ಸರಿದಾಡುತ್ತದಲ್ಲ. ಅದನ್ನು ಶೂನ್ಯಕ್ಕಿಳಿಸಲು ಒದ್ದಾಡುವುದು ದಂಡ. ಎರಡು ಜಂಕ್ಷನ್‌ಗಳ ನಡುವೆ ಮಸುಕಿಗಿಂತ ಹೆಚ್ಚು ಜಾಗ ಬಿಟ್ಟು ಡಿಸೈನ್ ಮಾಡಿದರಾಯಿತು.